ದಿನಬಳಕೆಯ ಯಂತ್ರಗಳು ಕೆಲಸ ಮಾಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸಾಧಾರಣ ಮನೆಯಲ್ಲಿ ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಸಂಪಿನ ಪಂಪು, ಕುಕ್ಕರ್, ಮಿಕ್ಸಿ, ಫ್ರಿಜ್, ಲಿಫ್ಟ್, ಸ್ಕೂಟರ್ ಎಲ್ಲವೂ ತಮ್ಮ ತಮ್ಮ ಕೆಲಸ ಮಾಡಿರುತ್ತವೆ. ಮೆಕ್ಯಾನಿಕಲ್ ಎಂಜಿನಿಯರಿಂಗಿನ ಮೂಲ ತತ್ವಗಳನ್ನು ಕಲಿಯಲು ಇವಕ್ಕಿಂತ ಉತ್ತಮವಾದ ಪ್ರಯೋಗಶಾಲೆ ಬೇಕಿಲ್ಲ. ಪಿಯುಸಿ, ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳೂ ಕುತೂಹಲವುಳ್ಳ ಮನೆಯವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಲ್ಲ ಉತ್ತರಗಳ ಹಿಂದೆಯೂ ಎರಡೇ ವಿಚಾರಣೆಗಳಿವೆ: ಈ ಯಂತ್ರಕ್ಕೆ ಶಕ್ತಿ ಎಲ್ಲಿಂದ ಬಂತು, ಅದು ಯಾವ ಯಾವ ರೂಪದಲ್ಲಿ ಹೊರಗೆ ಹೋಯಿತು?

ಬಲ, ಕೆಲಸ, ಶಕ್ತಿ, ಸಾಮರ್ಥ್ಯ: ಇವುಗಳಲ್ಲಿ ವ್ಯತ್ಯಾಸವೇನು?

20 ಲೀಟರಿನ ನೀರಿನ ಕ್ಯಾನನ್ನು ಎತ್ತಿ ಹಿಡಿಯಲು ಸುಮಾರು 200 ನ್ಯೂಟನ್ ಬಲ ಬೇಕು. ಅದನ್ನು 10 ಮೀಟರ್ ಎತ್ತರದ ಮೂರನೆಯ ಮಹಡಿಗೆ ಒಯ್ದರೆ ಬಲವನ್ನು ಎತ್ತರದಿಂದ ಗುಣಿಸಿದಷ್ಟು, ಅಂದರೆ 2000 ಜೂಲ್ ಕೆಲಸ ನಡೆದಂತಾಯಿತು. ಈ ಕೆಲಸವನ್ನು ಮಾಡಬಲ್ಲ ಗುಣವೇ ಶಕ್ತಿ. ನಿಧಾನವಾಗಿ 40 ಸೆಕೆಂಡಿನಲ್ಲಿ ಹತ್ತಿದರೆ ಸಾಮರ್ಥ್ಯ 50 ವ್ಯಾಟ್, ಓಡುತ್ತ 20 ಸೆಕೆಂಡಿನಲ್ಲಿ ಹತ್ತಿದರೆ 100 ವ್ಯಾಟ್. ಕೆಲಸ ಎರಡರಲ್ಲೂ ಅಷ್ಟೇ. ಕ್ಯಾನನ್ನು ಹಿಡಿದುಕೊಂಡು ಲಿಫ್ಟಿಗಾಗಿ ಕಾಯುತ್ತ ನಿಂತಾಗ ತೋಳು ನೋಯುತ್ತದೆಯಾದರೂ ಕ್ಯಾನ್ ಚಲಿಸದ ಕಾರಣ ಅದರ ಮೇಲೆ ಯಾಂತ್ರಿಕ ಕೆಲಸವೇನೂ ನಡೆಯುವುದಿಲ್ಲ.

ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ನಷ್ಟವನ್ನು ಬದಿಗಿಟ್ಟರೆ ಇದೇ ಕ್ಯಾನನ್ನು ಮೂರನೆಯ ಮಹಡಿಗೆ 1800 ಸಲ ಎತ್ತಲು ಸಾಕಾಗುವಷ್ಟು ಶಕ್ತಿ ಅದು. ಮನುಷ್ಯನ ತೋಳಿನ ದುಡಿಮೆಯನ್ನು ಯಂತ್ರಗಳು ಎಷ್ಟು ಅಗ್ಗವಾಗಿಸಿವೆ ಎಂಬುದು ಈ ಒಂದು ಲೆಕ್ಕದಿಂದ ತಿಳಿಯುತ್ತದೆ.

ಯಂತ್ರವು ಶಕ್ತಿಯನ್ನು ಹೆಚ್ಚಿಸುತ್ತದೆಯೇ?

ಇಲ್ಲ. ಯಂತ್ರವು ಬಲವನ್ನು ಹೆಚ್ಚಿಸಬಹುದು, ವೇಗವನ್ನು ಹೆಚ್ಚಿಸಬಹುದು, ಆದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಸ್ಕ್ರೂ ಜಾಕಿನ ಹಿಡಿಯನ್ನು 20 ಸೆಂಟಿಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತು ತಿರುಗಿಸಿದಾಗ ಕೈ ಸುಮಾರು 125 ಸೆಂಟಿಮೀಟರ್ ಚಲಿಸುತ್ತದೆ. ಸ್ಕ್ರೂವಿನ ಮರೆ ಹಲ್ಲುಗಳ (ಥ್ರೆಡ್) ಅಂತರ 4 ಮಿಲಿಮೀಟರ್ ಇದ್ದರೆ ಕಾರು ಮೇಲೇರುವುದು ಅಷ್ಟು ಮಾತ್ರ. ಘರ್ಷಣೆಯೇ ಇಲ್ಲದಿದ್ದರೆ ಬಲ 300 ಪಟ್ಟಿಗೂ ಮಿಕ್ಕಿ ಹೆಚ್ಚಬೇಕಿತ್ತು. ವಾಸ್ತವದಲ್ಲಿ ಕೈ ಮಾಡಿದ ಕೆಲಸದ ಬಹುಪಾಲು ಮರೆಗಳ ಉಜ್ಜಾಟದಲ್ಲಿ ಶಾಖವಾಗಿ ಹೋಗುತ್ತದೆ. ಆದರೆ ಈ ನಷ್ಟವನ್ನು ದೂರುವಂತಿಲ್ಲ, ಏಕೆಂದರೆ ಹಿಡಿಯಿಂದ ಕೈ ತೆಗೆದರೂ ಕಾರು ತಾನಾಗಿ ಕೆಳಗಿಳಿಯದಂತೆ ತಡೆಯುವುದು ಅದೇ ಘರ್ಷಣೆ.

ಮೋಟಾರು ಜನರೇಟರನ್ನು ತಿರುಗಿಸುತ್ತದೆ, ಜನರೇಟರು ಮೋಟಾರಿಗೆ ವಿದ್ಯುತ್ ಕೊಡುತ್ತದೆ, ಉಳಿದದ್ದು ಮನೆಗೆ ಸಿಗುತ್ತದೆ ಎಂದು ತೋರಿಸುವ ವಿಡಿಯೊಗಳು ಮೊಬೈಲಿನಲ್ಲಿ ಹರಿದಾಡುತ್ತಲೇ ಇರುತ್ತವೆ. ಅವೆಲ್ಲವೂ ಸುಳ್ಳು. ಅಂಥ ಯಂತ್ರಕ್ಕೆ ಹಣ ಹೂಡಬೇಡಿ.

ಅಶ್ವಶಕ್ತಿ ಮುಖ್ಯವೋ, ಟಾರ್ಕ್ ಮುಖ್ಯವೋ?

ಟಾರ್ಕ್ ಎಂದರೆ ಶಾಫ್ಟನ್ನು (ತಿರುಗುವ ದಂಡವನ್ನು) ತಿರುಗಿಸುವ ಬಲದ ಅಳತೆ. ಅಶ್ವಶಕ್ತಿ ಆ ತಿರುಗುವಿಕೆಯ ಸಾಮರ್ಥ್ಯ. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ: ನಿಮಿಷಕ್ಕೆ 3000 ಸುತ್ತು ತಿರುಗುತ್ತ 100 ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ ಆ ಕ್ಷಣದಲ್ಲಿ 31 ಕಿಲೋವ್ಯಾಟ್, ಅಂದರೆ ಸುಮಾರು 42 ಅಶ್ವಶಕ್ತಿ ಒದಗಿಸುತ್ತಿರುತ್ತದೆ.

ಈ ಎಂಜಿನ್‌ನ ವೇಗವನ್ನು ಮೊದಲ ಗೇರು ಹಾಗೂ ಚಕ್ರಗಳಿಗೆ ಚಲನೆ ಹಂಚುವ ಡಿಫರೆನ್ಷಿಯಲ್ ಸೇರಿ 14 ಪಟ್ಟು ಇಳಿಸುತ್ತವೆ ಎಂದು ಭಾವಿಸಿ. ಚಕ್ರಗಳು ನಿಮಿಷಕ್ಕೆ 214 ಸುತ್ತು ಮಾತ್ರ ತಿರುಗುತ್ತವೆ, ಆದರೆ ಅಲ್ಲಿಗೆ ತಲಪುವ ಟಾರ್ಕ್ 1400 ನ್ಯೂಟನ್-ಮೀಟರ್ ಆಗಿರುತ್ತದೆ. ಜನರಿಂದ ತುಂಬಿದ ಬಿಎಂಟಿಸಿ ಬಸ್ಸು ಫ್ಲೈಓವರಿನ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಚಾಲಕರು ಕೆಳಗಿನ ಗೇರಿಗೆ ಬರುವುದು ಇದೇ ಕಾರಣಕ್ಕೆ. ಜಾಕಿನಲ್ಲಿ ನಡೆದ ವಿನಿಮಯವೇ ಇಲ್ಲಿಯೂ ನಡೆದಿದೆ. ವಾಹನ ಕೊಳ್ಳುವಾಗ ಗರಿಷ್ಠ ಅಶ್ವಶಕ್ತಿಯ ಸಂಖ್ಯೆಯನ್ನಷ್ಟೇ ನೋಡುವ ಬದಲು, ಗರಿಷ್ಠ ಟಾರ್ಕ್ ಎಷ್ಟು ಕಡಿಮೆ ಸುತ್ತಿನಲ್ಲಿ ದೊರೆಯುತ್ತದೆ ಎಂಬುದನ್ನೂ ಕೇಳಬೇಕು. ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ದಿನವೂ ಓಡಿಸುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಖ್ಯೆ ಅದು.

ನಾಲ್ಕು ಸ್ಟ್ರೋಕ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ? ಪೆಟ್ರೋಲ್, ಡೀಸೆಲ್‌ಗಳಲ್ಲಿ ಭೇದವೇನು?

ಸಿಲಿಂಡರಿನೊಳಗೆ ಚಲಿಸುವ ಪಿಸ್ಟನ್ ಒಮ್ಮೆ ಏರುವುದು ಅಥವಾ ಇಳಿಯುವುದು ಒಂದು ಸ್ಟ್ರೋಕ್. ಅದು ಕೆಳಗಿಳಿಯುತ್ತ ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುತ್ತದೆ, ಮೇಲೇರುತ್ತ ಅದನ್ನು ಒತ್ತುತ್ತದೆ, ಉರಿದ ಅನಿಲದ ಒತ್ತಡದಿಂದ ಮತ್ತೆ ಕೆಳಗೆ ನೂಕಲ್ಪಡುತ್ತದೆ, ಕೊನೆಗೆ ಮೇಲೇರುತ್ತ ಹೊಗೆಯನ್ನು ಹೊರಹಾಕುತ್ತದೆ. ಈ ನಾಲ್ಕರಲ್ಲಿ ಮೂರನೆಯದು ಮಾತ್ರ ನಮಗೆ ಕೆಲಸ ಕೊಡುತ್ತದೆ. ಉಳಿದ ಮೂರನ್ನು ನಡೆಸಲು, ಎಂಜಿನ್ ಜೊತೆ ತಿರುಗುವ ಭಾರವಾದ ಚಕ್ರವಾದ ಫ್ಲೈವೀಲ್‌ನಲ್ಲಿ ಉಳಿದ ಚಲನಶಕ್ತಿ ನೆರವಾಗುತ್ತದೆ. ನಾಲ್ಕು ಸ್ಟ್ರೋಕ್ ಮುಗಿಯಲು, ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಬೇಕಾದ್ದರಿಂದ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿ ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ ಇಂಧನ ಉರಿಯುತ್ತದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ: ಬರಿಯ ಗಾಳಿಯನ್ನೇ ಅದರ ಗಾತ್ರದ 15ರಿಂದ 20ನೇ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗುತ್ತದೆ, ಆಗ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಶಾಖದಿಂದ ಹೆಚ್ಚು ಕೆಲಸ ಪಡೆಯಬಹುದು. ಡೀಸೆಲ್ ಎಂಜಿನ್‌ಗಳ ಮೈಲೇಜ್ ಹೆಚ್ಚಿರುವುದಕ್ಕೂ, ಅಷ್ಟು ಒತ್ತಡ ತಾಳಲು ಅವು ಭಾರವಾಗಿರುವುದಕ್ಕೂ ಇದೇ ಕಾರಣ. ಹಾಗಿದ್ದರೂ ಇಂಧನದ ಶಕ್ತಿಯ ಅರ್ಧಕ್ಕಿಂತ ಹೆಚ್ಚಿನ ಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿಯೇ ಹೊರಗೆ ಹೋಗುತ್ತದೆ.

ಬೆಂಗಳೂರಿನ ಎತ್ತರದಿಂದ ಎಂಜಿನ್‌ಗೆ, ಅಡುಗೆಗೆ ವ್ಯತ್ಯಾಸವಾಗುತ್ತದೆಯೇ?

ಖಂಡಿತ ಆಗುತ್ತದೆ, ಮತ್ತು ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕು. ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ತುಸು ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಲ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗಿ, ಗರಿಷ್ಠ ಸಾಮರ್ಥ್ಯವೂ ತುಸು ಇಳಿಯುತ್ತದೆ. ಟರ್ಬೊಚಾರ್ಜರ್ ಇರುವ ಎಂಜಿನ್ ಹೊಗೆಯ ವೇಗದಿಂದಲೇ ಒಂದು ಪುಟ್ಟ ಸಂಪೀಡಕವನ್ನು (ಕಂಪ್ರೆಸರ್) ತಿರುಗಿಸಿ ಗಾಳಿಯನ್ನು ಒಳಗೆ ತುರುಕುವುದರಿಂದ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಅಡುಗೆಯ ವಿಷಯಕ್ಕೆ ಬಂದರೆ, ದ್ರವದ ಮೇಲಿನ ಒತ್ತಡ ಇಳಿದಂತೆ ಅದು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಉರಿ ಎಷ್ಟೇ ಹೆಚ್ಚಿಸಿದರೂ ಅದಕ್ಕಿಂತ ಬಿಸಿಯಾಗದು. ಕುಕ್ಕರಿನ ವೆಯಿಟ್ ಉಗಿಯನ್ನು ಹೊರಗೆ ಬಿಡದೆ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂನಷ್ಟು ಏರಿಸುತ್ತದೆ. ಆಗ ನೀರು 118 ಡಿಗ್ರಿಯ ಆಸುಪಾಸಿಗೆ ತಲಪಿದ ಮೇಲಷ್ಟೇ ಕುದಿಯುತ್ತದೆ. ತೊಗರಿಬೇಳೆ ಬೇಗ ಬೇಯುವುದು ಈ ಇಪ್ಪತ್ತು ಡಿಗ್ರಿಯ ಲಾಭದಿಂದ. ಮೊದಲ ಕೂಗಿನ ನಂತರ ಉರಿ ಸಣ್ಣದಾಗಿಸಿದರೂ ಒಳಗಿನ ಉಷ್ಣತೆ ಇಳಿಯುವುದಿಲ್ಲ, ಹೆಚ್ಚುವರಿ ಉರಿಯೆಲ್ಲ ಉಗಿಯಾಗಿ ವ್ಯರ್ಥವಾಗುತ್ತದೆ ಅಷ್ಟೆ. ಸೇಫ್ಟಿ ವಾಲ್ವ್ ಹಾಳಾಗಿದ್ದರೆ ಅದೇ ಅಳತೆಯ, ಅದೇ ಕಂಪನಿಯ ವಾಲ್ವನ್ನೇ ಹಾಕಿಸಿ; ಒತ್ತಡ, ಬಿಸಿ ಮಿತಿ ಮೀರಿದಾಗ ಮೊದಲು ಕರಗಿ ದಾರಿ ಬಿಡಬೇಕಾದ ಭಾಗ ಅದು.

ಫ್ರಿಜ್ ತಂಪನ್ನು ಹೇಗೆ ಉತ್ಪಾದಿಸುತ್ತದೆ?

ಫ್ರಿಜ್ ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಕುಕ್ಕರಿನಲ್ಲಿ ಕಂಡ ನಿಯಮವೇ ಇಲ್ಲಿ ಎರಡೂ ದಿಕ್ಕಿನಲ್ಲಿ ಬಳಕೆಯಾಗಿದೆ. ಫ್ರಿಜ್ಜಿನ ಒಳಗಿನ ಕೊಳವೆಗಳಲ್ಲಿ ಒತ್ತಡ ಕಡಿಮೆ ಇರುವುದರಿಂದ ಶೀತಕ ದ್ರವವು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೇ ಕುದಿದು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಹಾಲು ತರಕಾರಿಗಳಿಂದ ಕಸಿದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಯಾಗಿಸಿ ಹೊರಗಿನ ಕೊಳವೆಗಳಿಗೆ ಕಳಿಸುತ್ತದೆ. ಹೆಚ್ಚಿನ ಒತ್ತಡದಲ್ಲಿ ಅದು ಕೋಣೆಯ ಗಾಳಿಗಿಂತ ಬಿಸಿಯಾಗಿದ್ದೂ ದ್ರವವಾಗಬಲ್ಲದು, ಹಾಗೆ ದ್ರವವಾಗುವಾಗ ಶಾಖವನ್ನು ಗಾಳಿಗೆ ಬಿಡುತ್ತದೆ. ಬಳಿಕ ತೀರ ಸಣ್ಣ ಕೊಳವೆಯ ಮೂಲಕ ಹಾಯ್ದು ಒತ್ತಡ ಕಳೆದುಕೊಂಡು ಮತ್ತೆ ಒಳಗೆ ಬರುತ್ತದೆ.

ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುವುದೇ ಎಂಬ ಪ್ರಶ್ನೆಗೆ ಶಕ್ತಿಯ ಲೆಕ್ಕವೇ ಉತ್ತರ ಹೇಳುತ್ತದೆ. ಒಳಗಿನಿಂದ ಎತ್ತಿದ ಶಾಖವೂ ಕಂಪ್ರೆಸರಿಗೆ ಕೊಟ್ಟ ವಿದ್ಯುತ್ತೂ ಸೇರಿ ಅದೇ ಕೋಣೆಗೆ ಬಂದು ಬೀಳುವುದರಿಂದ ಕೋಣೆ ಇನ್ನಷ್ಟು ಬಿಸಿಯಾಗುತ್ತದೆ. ಎಸಿಯ ಒಂದು ಭಾಗ ಮನೆಯ ಹೊರಗೋಡೆಯ ಮೇಲಿರಲೇಬೇಕಾದ ಕಾರಣವೂ ಇದೇ.

ಪಂಪು ಓಡುತ್ತದೆ, ನೀರು ಮಾತ್ರ ಏರುವುದಿಲ್ಲ. ಏಕೆ?

ಮೇಲೆ ಕೂರಿಸಿದ ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ, ಆದರೆ ನೀರನ್ನು ಮೇಲಕ್ಕೆ ತಳ್ಳುವುದು ಸಂಪಿನ ಮೇಲೆ ಒತ್ತುತ್ತಿರುವ ವಾತಾವರಣ. ಪಂಪಿನೊಳಗಿನ ರೆಕ್ಕೆಗಳ ಚಕ್ರವಾದ ಇಂಪೆಲ್ಲರ್ ತಿರುಗಿ ಪೈಪಿನಲ್ಲಿ ಒತ್ತಡವನ್ನು ತಗ್ಗಿಸಿದಾಗ ಹೊರಗಿನ ಗಾಳಿಯ ಒತ್ತಡ ನೀರನ್ನು ಅದರೊಳಗೆ ನೂಕುತ್ತದೆ. ಇಂಪೆಲ್ಲರಿನಲ್ಲಿ ನೀರಿನ ಬದಲು ಗಾಳಿ ತುಂಬಿದ್ದರೆ, ಗಾಳಿ ತೀರ ಹಗುರವಾದ್ದರಿಂದ ಸಾಕಷ್ಟು ಒತ್ತಡ ತಗ್ಗುವುದೇ ಇಲ್ಲ. ಆದ್ದರಿಂದ ಪಂಪಿಗೆ ಮೊದಲು ನೀರು ತುಂಬಿಸಬೇಕು. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ, ಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿದ್ದರೆ ತುಂಬಿಸಿದ ನೀರೆಲ್ಲ ರಾತ್ರಿಯಲ್ಲಿ ಸಂಪಿಗೆ ಇಳಿದುಹೋಗುತ್ತದೆ, ಬೆಳಿಗ್ಗೆ ಮೋಟಾರು ಬರಿದೆ ಓಡುತ್ತದೆ. ಹೀಗೆ ಒಣಗಿ ಓಡಿದರೆ ಸೀಲ್ ಬಿಸಿಯಾಗಿ ಸುಟ್ಟುಹೋಗುತ್ತದೆ, ಕೂಡಲೇ ನಿಲ್ಲಿಸಬೇಕು.

ವಾತಾವರಣ ನೂಕಬಲ್ಲ ಎತ್ತರಕ್ಕೆ ಮಿತಿಯಿದೆ. ಸಮುದ್ರ ಮಟ್ಟದಲ್ಲಿ ಅದು 10.3 ಮೀಟರ್, ಬೆಂಗಳೂರಿನಲ್ಲಿ ಸುಮಾರು 9.3 ಮೀಟರ್, ಸೋರಿಕೆ, ಘರ್ಷಣೆಗಳನ್ನು ಕಳೆದರೆ ಬಳಕೆಯಲ್ಲಿ 6ರಿಂದ 7 ಮೀಟರ್ ಅಷ್ಟೇ. ನೂರಾರು ಅಡಿ ಆಳದ ಬೋರ್‌ವೆಲ್ಲಿನಲ್ಲಿ ಎಳೆಯುವ ಪಂಪು ಎಷ್ಟೇ ದೊಡ್ಡದಾಗಿದ್ದರೂ ಪ್ರಯೋಜನವಿಲ್ಲ. ಪಂಪನ್ನೇ ನೀರಿನೊಳಗೆ ಇಳಿಬಿಟ್ಟು, ಒಂದರ ಮೇಲೊಂದರಂತೆ ಜೋಡಿಸಿದ ಹಲವು ಇಂಪೆಲ್ಲರ್‌ಗಳಿಂದ ಹಂತ ಹಂತವಾಗಿ ಒತ್ತಡ ಹೆಚ್ಚಿಸಿ ಕೆಳಗಿನಿಂದ ತಳ್ಳಬೇಕಾಗುತ್ತದೆ. ಸಬ್‌ಮರ್ಸಿಬಲ್ ಪಂಪು ಮಾಡುವುದು ಇದನ್ನೇ.

ಕಾವೇರಿ ನೀರು ಬೆಂಗಳೂರಿಗೆ ಏರಲು ಎಷ್ಟು ಶಕ್ತಿ ಬೇಕು?

1974ರಲ್ಲಿ ಮೊದಲ ಹಂತ ಆರಂಭವಾದಂದಿನಿಂದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗುತ್ತ ಸುಮಾರು 100 ಕಿಲೋಮೀಟರ್ ದೂರದಿಂದ ನಗರಕ್ಕೆ ಬರುತ್ತಿದೆ. ನೆಲದ ಏರಿಕೆಯ ಜೊತೆಗೆ ಕೊಳವೆಯ ಘರ್ಷಣೆಯನ್ನೂ ಸೇರಿಸಿದರೆ ಪಂಪುಗಳು ಒಟ್ಟಾರೆ ಸುಮಾರು 500 ಮೀಟರ್ ಎತ್ತರಕ್ಕೆ ಸಮನಾದ ಒತ್ತಡವನ್ನು ಒದಗಿಸಬೇಕು. ಒಂದು ಸಾವಿರ ಲೀಟರಿಗೆ ಇದು 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ಆಯಿತು. ಪಂಪು ಮತ್ತು ಮೋಟಾರು ಸೇರಿ ಶೇ. 75 ದಕ್ಷತೆ ಎಂದು ಹಿಡಿದರೆ 1.8 ಯೂನಿಟ್ ಬೇಕು. ಅದೇ ಸಾವಿರ ಲೀಟರನ್ನು ಸಂಪಿನಿಂದ 15 ಮೀಟರ್ ಮೇಲಿನ ಟ್ಯಾಂಕಿಗೆ ಏರಿಸಲು, ಮನೆಯ ಪಂಪಿನ ದಕ್ಷತೆ ಶೇ. 40 ಎಂದುಕೊಂಡರೂ, 0.1 ಯೂನಿಟ್ ಸಾಕು. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವಾಗ ಪೋಲಾಗುವುದು ನೀರು ಮಾತ್ರವಲ್ಲ, ನಮ್ಮ ಮನೆಯ ಮೀಟರಿನಲ್ಲಿ ಕಾಣದ ಹದಿನೆಂಟು ಪಟ್ಟು ವಿದ್ಯುತ್ತೂ ಹೌದು. ಈ ಲೆಕ್ಕವನ್ನು ಶಾಲೆಗಳಲ್ಲಿ ಮಕ್ಕಳಿಂದಲೇ ಮಾಡಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ನಂದಿ ಬೆಟ್ಟದಿಂದ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬರಬಾರದು ಎನ್ನುವುದೇಕೆ?

ಮೇಲಿನ ಲೆಕ್ಕದ ಸಂಖ್ಯೆಯೇ ಇಲ್ಲಿಯೂ ಎದುರಾಗುತ್ತದೆ. 1478 ಮೀಟರ್ ಎತ್ತರದ ನಂದಿ ಬೆಟ್ಟದಿಂದ ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದರೆ 49 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬ್ರೇಕಿನ ಕೆಲಸವೇ ಚಲನೆಯನ್ನು ಘರ್ಷಣೆಯ ಮೂಲಕ ಶಾಖವಾಗಿಸುವುದು. ಡಿಸ್ಕ್, ಡ್ರಮ್‌ಗಳೆಲ್ಲ ಸೇರಿ 20 ಕಿಲೋ ಕಬ್ಬಿಣವೆಂದು ಹಿಡಿದರೆ, ಈ ಶಾಖವೆಲ್ಲ ಅವುಗಳಲ್ಲೇ ಉಳಿದಲ್ಲಿ ಉಷ್ಣತೆ 500 ಡಿಗ್ರಿಗೂ ಹೆಚ್ಚು ಏರುತ್ತದೆ. ಗಾಳಿ ಬೀಸಿ ಅಷ್ಟೊಂದು ಏರಗೊಡುವುದಿಲ್ಲ ನಿಜ, ಆದರೂ ಬ್ರೇಕ್ ಆಯಿಲ್ ಕುದಿಯುವ ಅಪಾಯವಿದೆ. ಪೆಡಲಿನ ಬಲವನ್ನು ಚಕ್ರಕ್ಕೆ ಒಯ್ಯುವುದು ಆ ಆಯಿಲ್. ದ್ರವ ಕುಗ್ಗುವುದಿಲ್ಲ, ಆದರೆ ಅದರಲ್ಲಿ ಆವಿಯ ಗುಳ್ಳೆಗಳೆದ್ದರೆ ಗುಳ್ಳೆಗಳು ಕುಗ್ಗುತ್ತವೆ, ಪೆಡಲು ಮೆತ್ತಗಾಗಿ ಕಾಲಡಿಗೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಂತೆಲ್ಲ ಅದು ಕುದಿಯುವ ಉಷ್ಣತೆ ಇಳಿಯುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು.

ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಈ ಭಾರದ ಬಹುಪಾಲನ್ನು ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆಯೂ ಇಂದಿನ ಕಾರುಗಳ ಮಟ್ಟಿಗೆ ತಪ್ಪು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಫ್ಯುಯಲ್ ಇಂಜೆಕ್ಷನ್ ವ್ಯವಸ್ಥೆ ಇಂಧನವನ್ನು ನಿಲ್ಲಿಸಿಬಿಡುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಬಂದಾಗದಂತೆ ಇಂಧನ ಉರಿಯುತ್ತಲೇ ಇರುತ್ತದೆ.

ನಮ್ಮ ಮೆಟ್ರೊ ರೈಲು ಈ ಶಾಖವನ್ನು ಪೂರ್ತಿ ವ್ಯರ್ಥವಾಗಲು ಬಿಡುವುದಿಲ್ಲ. ನಿಲ್ದಾಣ ಹತ್ತಿರವಾದಾಗ ಅದರ ಮೋಟಾರುಗಳೇ ಜನರೇಟರುಗಳಾಗಿ, ಚಲನಶಕ್ತಿಯ ಒಂದು ಪಾಲನ್ನು ರೈಲಿಗೆ ವಿದ್ಯುತ್ ಒದಗಿಸುವ 750 ವೋಲ್ಟಿನ ಮೂರನೆಯ ಹಳಿಗೆ ಮರಳಿಸುತ್ತವೆ. ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ.

ಎಲೆಕ್ಟ್ರಿಕ್ ಸ್ಕೂಟರಿಗೆ ಗೇರು ಏಕಿಲ್ಲ?

ಪೆಟ್ರೋಲ್ ಎಂಜಿನ್ ಒಂದು ಮಿತಿಗಿಂತ ಕಡಿಮೆ ಸುತ್ತಿನಲ್ಲಿ ಓಡಲಾರದು, ಆದ್ದರಿಂದ ಅದಕ್ಕೆ ಕ್ಲಚ್ಚೂ ಗೇರುಗಳೂ ಬೇಕು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ, ಹೆಚ್ಚು ವೇಗಕ್ಕೂ ಏರುತ್ತದೆ. ಬೆಲ್ಟ್ ಇಲ್ಲವೇ ಒಂದೇ ಜೋಡಿ ಗೇರಿನಿಂದ ವೇಗ ತಗ್ಗಿಸಿಕೊಂಡರೆ ಸಾಕಾಗುತ್ತದೆ.

ದೋಸೆ ಹಿಟ್ಟಿಗೆ ಮಿಕ್ಸಿಗಿಂತ ಗ್ರೈಂಡರ್ ಒಳ್ಳೆಯದು ಎನ್ನುವುದರಲ್ಲಿ ಹುರುಳಿದೆಯೇ?

ಇದೆ. ಮಿಕ್ಸಿಯ ಮೋಟಾರು ಭಾರವಿಲ್ಲದಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದರ ಬ್ಲೇಡು ಕಾಳನ್ನು ಬಡಿದು ಕತ್ತರಿಸುತ್ತದೆ, ಬಡಿತದ ಶಕ್ತಿಯೆಲ್ಲ ಕೊನೆಗೆ ಹಿಟ್ಟಿನಲ್ಲಿ ಶಾಖವಾಗಿ ಸೇರುತ್ತದೆ. ಗ್ರೈಂಡರಿನ ಮೋಟಾರು ನಿಮಿಷಕ್ಕೆ 1400 ಚಿಲ್ಲರೆ ಸುತ್ತು ತಿರುಗಿದರೂ ಬೆಲ್ಟು ಅದನ್ನು ಸುಮಾರು ಹತ್ತನೇ ಒಂದಕ್ಕೆ ಇಳಿಸಿ, ಟಾರ್ಕನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಕಲ್ಲುಗಳ ನಡುವೆ ಸಿಕ್ಕಿದ ಉದ್ದಿನಬೇಳೆ ನಿಧಾನವಾಗಿ ಅರೆಯಲ್ಪಟ್ಟು, ಗಾಳಿಯನ್ನು ಒಳಗೊಂಡು ಉಬ್ಬುತ್ತದೆ, ಹಿಟ್ಟು ಹೆಚ್ಚು ಬಿಸಿಯಾಗುವುದಿಲ್ಲ. ಚಟ್ನಿಗೆ ಮಿಕ್ಸಿಯೇ ಸರಿ.

ಲಿಫ್ಟಿನ ಹಗ್ಗ ತುಂಡಾದರೆ ಕೆಳಗೆ ಬೀಳುತ್ತದೆಯೇ?

ಲಿಫ್ಟಿಗೆ ಹಲವು ಉಕ್ಕಿನ ಹಗ್ಗಗಳಿರುತ್ತವೆ, ಒಟ್ಟು ಭಾರದ ಹತ್ತು ಪಟ್ಟಿಗೂ ಹೆಚ್ಚನ್ನು ತಾಳುವಂತೆ ಅವುಗಳನ್ನು ಆರಿಸಿರುತ್ತಾರೆ. ಒಂದು ವೇಳೆ ಲಿಫ್ಟು ಮಿತಿಗಿಂತ ವೇಗವಾಗಿ ಇಳಿಯತೊಡಗಿದರೆ ಗವರ್ನರ್ ಎಂಬ ಸಾಧನ ಅದನ್ನು ಗುರುತಿಸಿ, ಪೆಟ್ಟಿಗೆಯ ಅಡಿಯ ಬೆಣೆಗಳು ಪಕ್ಕದ ಹಳಿಗಳನ್ನು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಲಿಫ್ಟು ಬೀಳದಂತೆ ತಡೆಯುವ ಇಂಥ ಏರ್ಪಾಟನ್ನು ಎಲಿಶಾ ಓಟಿಸ್ 1850ರ ದಶಕದಲ್ಲಿಯೇ ನ್ಯೂಯಾರ್ಕಿನಲ್ಲಿ ಜನರೆದುರು ತೋರಿಸಿದ್ದರು. ಮೋಟಾರಿನ ಬ್ರೇಕನ್ನು ಸ್ಪ್ರಿಂಗುಗಳು ಸದಾ ಬಿಗಿದಿರುತ್ತವೆ, ವಿದ್ಯುತ್ತು ಅದನ್ನು ಸಡಿಲಿಸುತ್ತದೆ. ಆದ್ದರಿಂದ ಕರೆಂಟು ಹೋದ ಕ್ಷಣ ಲಿಫ್ಟು ನಿಲ್ಲುತ್ತದೆ. ಆಗ ಬಾಗಿಲನ್ನು ಬಲವಂತವಾಗಿ ತೆರೆದು ಹೊರಬರಲು ಯತ್ನಿಸುವುದೇ ನಿಜವಾದ ಅಪಾಯ.

ಇನ್ನೊಂದು ಬದಿಯಲ್ಲಿ ತೂಗುವ ಪ್ರತಿಭಾರವು ಪೆಟ್ಟಿಗೆಯ ತೂಕಕ್ಕೆ ಗರಿಷ್ಠ ಹೊರೆಯ ಅರ್ಧದಷ್ಟನ್ನು ಸೇರಿಸಿದಷ್ಟಿರುತ್ತದೆ. ಹೀಗಾಗಿ ಮೋಟಾರು ಎತ್ತಬೇಕಾದದ್ದು ಎರಡೂ ಬದಿಯ ವ್ಯತ್ಯಾಸವನ್ನು ಮಾತ್ರ, ಮತ್ತು ಖಾಲಿ ಲಿಫ್ಟು ಮೇಲೇರುವುದಕ್ಕಿಂತ ಕೆಳಗಿಳಿಯುವುದಕ್ಕೇ ಹೆಚ್ಚು ಶಕ್ತಿ ಬೇಕಾಗುತ್ತದೆ.

ವರ್ಷಗಟ್ಟಲೆ ಸರಿಯಾಗಿದ್ದ ಲೋಹದ ಭಾಗ ಒಮ್ಮೆಲೇ ಮುರಿಯುವುದೇಕೆ?

ಒಂದೇ ಸಲಕ್ಕೆ ಮುರಿಯಲಾರದಷ್ಟು ಸಣ್ಣ ಬಲವೂ ಲಕ್ಷಾಂತರ ಸಲ ಬಂದು ಹೋದರೆ ಲೋಹ ದಣಿಯುತ್ತದೆ. ಚಕ್ರವನ್ನು ಹೊತ್ತು ತಿರುಗುವ ಆಕ್ಸಲ್‌ನ ಮೇಲ್ಮೈಯ ಪ್ರತಿ ಬಿಂದುವೂ ಸುತ್ತಿಗೊಮ್ಮೆ ಎಳೆತಕ್ಕೂ ಒತ್ತಡಕ್ಕೂ ಒಳಗಾಗುತ್ತದೆ. ಚೂಪಾದ ಮೂಲೆ, ಗೀರು, ತುಕ್ಕಿನ ಕುಳಿ ಇದ್ದೆಡೆ ಬಲ ಒಟ್ಟುಗೂಡಿ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಪ್ರತಿ ಸುತ್ತಿಗೂ ಇಷ್ಟಿಷ್ಟೇ ಬೆಳೆಯುತ್ತದೆ, ಉಳಿದ ಭಾಗ ಭಾರ ತಾಳದಂತಾದ ದಿನ ಥಟ್ಟನೆ ಮುರಿಯುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲ್‌ಗಳ ಮೇಲೆ ದೀರ್ಘಕಾಲ ಪ್ರಯೋಗ ಮಾಡಿ ಇದನ್ನು ವಿವರಿಸಿದರು. ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕಡಿಮೆ ಪೀಡನವಾದರೆ (ಪೀಡನ ಎಂದರೆ ಚದರಳತೆಗೆ ಬೀಳುವ ಬಲ) ಅದು ಬಹುಕಾಲ ಬಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಆದ್ದರಿಂದಲೇ ವಿಮಾನದ ಭಾಗಗಳಿಗೆ ಹಾರಾಟದ ಆಯುಷ್ಯವನ್ನು ನಿಗದಿಪಡಿಸುತ್ತಾರೆ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಂಥ ಕಡೆ ದಣಿವಿನ ಪರೀಕ್ಷೆಗಳನ್ನು ನಡೆಸುತ್ತಾರೆ. ಬೈಕಿನ ಮುರಿದ ಫುಟ್‌ರೆಸ್ಟ್‌ಗೆ ವೆಲ್ಡಿಂಗ್ ಮಾಡಿಸಬಹುದು. ಆಕ್ಸಲ್‌ಗೆ, ಸ್ಟೇರಿಂಗ್ ಭಾಗಕ್ಕೆ ಮಾಡಿಸಬಾರದು.

ಬೇರಿಂಗಿಗೆ ಗ್ರೀಸ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೇ?

ಅಲ್ಲ. ಗ್ರೀಸ್ ಅತಿಯಾದರೆ ಬೇರಿಂಗಿನೊಳಗಿನ ಉಂಡೆಗಳು ಗ್ರೀಸನ್ನೇ ಕಡೆಯುತ್ತ ಬಿಸಿಯಾಗುತ್ತವೆ. ತಯಾರಕರು ಹೇಳಿದಷ್ಟೇ ಹಾಕಬೇಕು.

ಈ ಯಂತ್ರಗಳ ಒಳಭಾಗವನ್ನು ಬೆಂಗಳೂರಿನಲ್ಲಿ ಎಲ್ಲಿ ನೋಡಬಹುದು?

ಕಸ್ತೂರ್ಬಾ ರಸ್ತೆಯಲ್ಲಿ 1962ರಿಂದ ಇರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯದ ಎಂಜಿನ್ ವಿಭಾಗಕ್ಕೆ ಮಕ್ಕಳನ್ನು ಮೊದಲು ಕರೆದೊಯ್ಯಿರಿ. ಗೇರು, ಸನ್ನೆ, ರಾಟೆಗಳನ್ನು ಕೈಯಿಂದ ತಿರುಗಿಸಿ ನೋಡಲು ಅಲ್ಲಿ ಅವಕಾಶವಿದೆ. ವಿಮಾನದ ಎಂಜಿನ್‌ಗಳಿಗಾಗಿ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತು ಸಂಗ್ರಹಾಲಯವಿದೆ. ಲೋಹಕ್ಕೆ ಆಕಾರ ಬರುವ ಬಗೆಯನ್ನು ನೋಡಬೇಕಾದರೆ ಪೀಣ್ಯದ ಯಾವುದಾದರೂ ಲೇತ್ ವರ್ಕ್‌ಶಾಪಿಗೆ ಪರಿಚಯದವರ ಮೂಲಕ ಹೋಗಿ, ಮಾಲೀಕರ ಅನುಮತಿ ಪಡೆದು ಒಂದು ಗಂಟೆ ನಿಲ್ಲಿರಿ. ಟರ್ನರ್ ಒಬ್ಬರು ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಾಗಿ ಮತ್ತೊಂದು ಕಟ್ ತೆಗೆಯುವಾಗ, ಶಾಫ್ಟು ಬೇರಿಂಗಿನಲ್ಲಿ ಸಡಿಲವಾಗದೆ, ಬಿಗಿಯೂ ಆಗದೆ ಕೂರಬೇಕಾದರೆ ಅಷ್ಟು ನಿಖರತೆ ಏಕೆ ಬೇಕೆಂದು ಅವರನ್ನೇ ಕೇಳಿ. ಸಡಿಲ ಬಟ್ಟೆ, ದುಪಟ್ಟಾ, ಬಿಟ್ಟ ಕೂದಲು ತಿರುಗುವ ಚಕ್‌ನ (ಲೋಹದ ತುಂಡನ್ನು ಹಿಡಿಯುವ ಭಾಗದ) ಹತ್ತಿರ ಬರಬಾರದು. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಶೂ ಇರಲಿ.